ದಸರಾ ಆಯ್ತು, ಅವರೆಕಾಯಿ ಬರೋಕೆ ಮುಂಚೆ ಬೊಂತೆ ಹೊಲ್ಕೊಂಬಿಡಿ

ಆಯುಧಪೂಜೆಗೆ ಒಡೆದ ಬೂದುಗುಂಬಳಕಾಯಿ ಚೂರು ಇನ್ನೂ ಟ್ರ್ಯಾಕ್ಟರ್ ಚಕ್ರದ ಪಕ್ಕ ಬಿದ್ದಿರುತ್ತೆ, ಅಷ್ಟರಲ್ಲೇ ಒಂದಿನ ಬೆಳಗ್ಗೆ ಬಾಗಿಲಿಗೆ ನೀರು ಹಾಕೋಕೆ ಹೋದ್ರೆ ಅಂಗಾಲು ಜುಮ್ ಅನ್ನುತ್ತೆ. ಶಿಡ್ಲಘಟ್ಟದ ಕಡೆ ನಮ್ಗೆಲ್ಲ ಚಳಿ ಬಂತು ಅನ್ನೋದಕ್ಕೆ ಅದೇ ನೋಟಿಸು. ನಮ್ದು ಹಳೇ ಚಪ್ಪಡಿ ಮನೆ, ತಲೆ ಮೇಲೂ ಕಲ್ಲು ಕಾಲ ಕೆಳಗೂ ಕಲ್ಲು, ಬೇಸಿಗೆಲಿ ರಾತ್ರಿ ಹತ್ತಾದ್ರೂ ಕಾವು ಇಳಿಯಲ್ಲ, ಕಾರ್ತೀಕ ಬಂತು ಅಂದ್ರೆ ಅದೇ ಕಲ್ಲು ಬೆಳಗಿನ ಜಾವ ಐಸ್ ಆಗಿಬಿಡುತ್ತೆ. ಸಂತೇಲಿ ಸಿಗೋ ಹುಲಿ ಚಿತ್ರದ ದಪ್ಪ ಬ್ಲಾಂಕೆಟ್ಟು ಎರಡು ವರ್ಷ ತಂದು ನೋಡಿದ್ವಿ, ಹೊದ್ರೆ ಬೆವರು ತೆಗೆದ್ರೆ ನಡುಕ, ಮೂರನೇ ಸಲ ಒಗೆದಾಗ ಉಂಡೆ ಉಂಡೆ ಆಗಿ ಹೋಯ್ತು. ಆಮೇಲೆ ಮತ್ತೆ ಬೊಂತೆಗೇ ಬಂದ್ವಿ.

ಬೊಂತೆ ಅಂದ್ರೆ ಹಳೇ ಸೀರೆ ಪದರ ಪದರ ಹಾಕಿ ಕೈಲಿ ಹೊಲಿಯೋ ಹೊದಿಕೆ, ಬೇರೆ ಕಡೆ ಕೌದಿ ಅಂತಾರಲ್ಲ ಅದೇ. ನಮ್ಮ ಕಡೆ ಮನೇಲಿ ಅರ್ಧ ಕನ್ನಡ ಅರ್ಧ ತೆಲುಗು ಮಾತಾಡ್ತೀವಿ, ಹಂಗಾಗಿ ಬೊಂತೆ ಅನ್ನೋ ಮಾತೇ ಜಾಸ್ತಿ. ಇದನ್ನ ಹೊಲಿಯೋದು ಹೆಂಗೆ ಅಂತ ಇಲ್ಲಿ ಪೂರ್ತಿ ಬರೀತೀನಿ, ಜೊತೆಗೆ ಈ ಸೀಸನ್ನಲ್ಲಿ ಮಾಡ್ಕೊಳ್ಳೋ ಇನ್ನ ಮೂರು ನಾಕು ಕೆಲಸಾನೂ ಸೇರಿಸಿದೀನಿ. ಬೊಂತೆ ಭಾಗಾನೇ ಉದ್ದ ಆಗುತ್ತೆ, ಯಾಕಂದ್ರೆ ತಪ್ಪಾಗೋದು ಅಲ್ಲೇ.

ಮೊದ್ಲು ಟೈಮ್ ಲೆಕ್ಕ ಹಾಕ್ಕೊಳ್ಳಿ

ಇದನ್ನ ಯಾರೂ ಹೇಳಲ್ಲ, ಆದ್ರೆ ಹಳ್ಳಿ ಮನೇಲಿ ಇದೇ ಮುಖ್ಯ. ವಿಜಯದಶಮಿಯಿಂದ ನವೆಂಬರ್ ಮಧ್ಯದವರೆಗೆ, ಅಂದ್ರೆ ಸುಮಾರು ಒಂದು ತಿಂಗಳು ಒಂದೂವರೆ ತಿಂಗಳು ಅಷ್ಟೇ ನಮ್ಗೆ ಸಿಗೋದು. ಆಮೇಲೆ ರಾಗಿ ಕೊಯ್ಲು ಶುರು, ಹಗಲು ಹೋಯ್ತು. ಅದರ ಹಿಂದೇನೇ ಅವರೆಕಾಯಿ ಬರುತ್ತೆ, ರಾತ್ರೀನೂ ಹೋಯ್ತು. ಅವರೆಕಾಯಿ ಸುಲಿಯೋದು, ಕಾಳು ನೆನೆಸೋದು, ಹಿಸುಕಿ ಸಿಪ್ಪೆ ತೆಗೆಯೋದು, ಊರೆಲ್ಲ ಟಿವಿ ಮುಂದೆ ಮೊರ ಇಟ್ಕೊಂಡು ಕೂತಿರೋವಾಗ ಸೂಜಿ ಹಿಡಿಯೋರು ಯಾರು. ಆ ಕೈಲಿ ಸೊಗಡಿನ ಎಣ್ಣೆ ಬೇರೆ ಅಂಟಿರುತ್ತೆ, ಬಟ್ಟೆ ಮುಟ್ಟಿದ್ರೆ ಅಲ್ಲೇ ಕಲೆ.

ಇನ್ನೊಂದು ಬಿಸಿಲಿನ ವಿಷ್ಯ. ಅಕ್ಟೋಬರ್ ನವೆಂಬರ್ ನಮ್ಗೆ ಹಿಂಗಾರು ಮಳೆ ಟೈಮು. ಚಿತ್ತಾ ಸ್ವಾತಿ ವಿಶಾಖ ಅಂತ ಮಳೆಗಳು ಸಾಲಾಗಿ ನಿಂತಿರ್ತವೆ, ಬಂಗಾಳಕೊಲ್ಲೀಲಿ ಸೈಕ್ಲೋನ್ ಅಂತ ನ್ಯೂಸಲ್ಲಿ ಹೇಳಿದ್ರೆ ಇಲ್ಲಿ ಮೂರು ದಿನ ಜಡಿ ಗ್ಯಾರಂಟಿ. 2021ರ ನವೆಂಬರ್ ನೆನಪಿದೆಯಲ್ಲ, ಕೋಲಾರ ಚಿಕ್ಕಬಳ್ಳಾಪುರ ಎರಡೂ ಕಡೆ ಕೆರೆ ಕೋಡಿ ಬಿದ್ದು, ಹೊಲದಲ್ಲಿ ನಿಂತ ರಾಗಿ ತೆನೇಲೇ ಮೊಳಕೆ ಬಂತು. ಆ ವರ್ಷ ನಾನು ಸೀರೆ ಒಗೆದು ಹಾಕಿ ಎಂಟು ದಿನ ಒಳಗೆ ಹೊರಗೆ ಓಡಾಡಿದ್ದೇ ಬಂತು, ಕೊನೆಗೆ ಮುಗ್ಗಲು ವಾಸನೆ ಬಂದು ಎಲ್ಲಾ ಮತ್ತೆ ಒಗೆಯೋ ಹಂಗಾಯ್ತು. ಹಂಗಾಗಿ ರೂಲ್ ಇಷ್ಟೇ, ಬಿಸಿಲು ಬೇಕಾದ ಕೆಲಸ ಎಲ್ಲಾ ಮೊದ್ಲು, ಕೂತು ಮಾಡೋ ಕೆಲಸ ಮಳೆ ದಿನಕ್ಕೆ. ದಸರಾ ಮುಗಿದ ವಾರದಲ್ಲಿ ಬಿಸಿಲು ಕಂಡ ತಕ್ಷಣ ಒಗೆಯೋದು ಒಣಗಿಸೋದು ಮುಗಿಸಿ ಇಟ್ಕೊಂಬಿಡಿ, ಆಮೇಲೆ ಮಳೆ ಬಂದ್ರೆ ಬರಲಿ, ಜಗಲಿ ಮೇಲೆ ಕೂತು ಹೊಲಿಯೋಕೆ ಅದಕ್ಕಿಂತ ಒಳ್ಳೆ ಟೈಮಿಲ್ಲ.

ಸೀರೆ ಆರಿಸೋದು

ಕಾಟನ್ ಮಾತ್ರ. ಇದರಲ್ಲಿ ರಾಜಿ ಮಾಡ್ಕೋಬೇಡಿ. ಈಗಿನ ಮನೇಲಿ ಬೀರು ತೆಗೆದ್ರೆ ಅರ್ಧಕ್ಕರ್ಧ ಪಾಲಿಸ್ಟರು, ಕ್ರೇಪು, ಸಿಂಥೆಟಿಕ್ಕೇ ಇರೋದು, ಅವು ಬೆವರು ಹೀರಲ್ಲ, ಮೇಲಾಗಿ ಪದರದೊಳಗೆ ಜಾರ್ತವೆ. ನನ್ನ ಮೊದಲನೇ ಬೊಂತೇಲಿ ಯಾರಿಗೂ ಕಾಣಲ್ಲ ಅಂತ ಮಧ್ಯದ ಪದರಕ್ಕೆ ಒಂದು ಪಾಲಿಸ್ಟರ್ ಸೀರೆ ಹಾಕ್ದೆ, ಆರು ತಿಂಗಳಿಗೆ ಅದು ಒಳಗೇ ಸರಿದು ಒಂದು ಮೂಲೇಲಿ ಗಂಟಾಯ್ತು, ಬಿಚ್ಚೋ ಹಂಗಿಲ್ಲ ಬಿಡೋ ಹಂಗಿಲ್ಲ. ಡೌಟ್ ಇದ್ರೆ ಅಂಚಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ತೋರಿಸಿ, ಕಾಗದ ಸುಟ್ಟ ವಾಸನೆ ಬಂದು ಬೂದಿ ಆದ್ರೆ ಕಾಟನ್, ಕರಗಿ ಗಟ್ಟಿ ಮಣಿ ಥರ ಆದ್ರೆ ಬೇಡ.

ಅಜ್ಜಿ ಸೀರೆ, ನೆನಪು, ಮಮತೆ ಅಂತೆಲ್ಲ ಜನ ಬರೀತಾರೆ, ಇರಬಹುದು, ಆದ್ರೆ ಹಳೇ ಸೀರೇನೇ ಯಾಕೆ ಅಂದ್ರೆ ನೂರು ಸಲ ಒಗೆದ ಕಾಟನ್ ಹೂವಿನಂಗೆ ಮೆತ್ತಗಾಗಿರುತ್ತೆ ಮತ್ತೆ ಕುಗ್ಗೋದು ಬಣ್ಣ ಬಿಡೋದು ಎಲ್ಲಾ ಮುಗಿದಿರುತ್ತೆ. ಹೊಸ ಕಾಟನ್ ಸೀರೆ ಸೇರಿಸಿದ್ರೆ ಆಮೇಲೆ ಅದೊಂದೇ ಕುಗ್ಗಿ ಬೊಂತೆ ಸುಕ್ಕು ಸುಕ್ಕಾಗುತ್ತೆ. ಕೆಂಪು, ಕಡು ನೀಲಿ, ಕಡು ಹಸಿರು ಸೀರೆ ಇದ್ರೆ ಬಿಳೀ ಬಟ್ಟೆ ಒದ್ದೆ ಮಾಡಿ ಗಟ್ಟಿಯಾಗಿ ಉಜ್ಜಿ ನೋಡಿ, ಬಣ್ಣ ಹತ್ತಿದ್ರೆ ಆ ಸೀರೆ ಬಿಟ್ಟುಬಿಡಿ. ಉಪ್ಪು ನೀರಲ್ಲಿ ನೆನೆಸಿದ್ರೆ ನಿಲ್ಲುತ್ತೆ ಅಂತಾರೆ, ನನಗಂತೂ ನಿಂತಿಲ್ಲ.

ಎಷ್ಟು ಸೀರೆ ಬೇಕು ಅಂದ್ರೆ ಒಬ್ರು ಹೊದೆಯೋ ಬೊಂತೆಗೆ ಮೂರು. ಲೆಕ್ಕ ಹಿಂಗೆ. ಸೀರೆ ಐದೂವರೆ ಮೀಟರ್ ಅಂದ್ರೆ ಸುಮಾರು 18 ಅಡಿ ಉದ್ದ, ಅಗಲ ಮೂರೂಮುಕ್ಕಾಲು ಅಡಿ. ಮಧ್ಯಕ್ಕೆ ಕತ್ತರಿಸಿದ್ರೆ ಒಂಬತ್ತು ಒಂಬತ್ತು ಅಡಿದು ಎರಡು ಪದರ. ಮೂರು ಸೀರೆಗೆ ಆರು ಪದರ, ನಮ್ಮ ಚಳಿಗೆ ಅಷ್ಟು ಸಾಕು. ಎಂಟು ಪದರ ಮಾಡಿದ್ರೆ ಬೆಚ್ಚಗೇನೋ ಇರುತ್ತೆ, ಸೂಜಿ ದಾಟಲ್ಲ, ಒಗೆದ್ರೆ ಎತ್ತೋಕಾಗಲ್ಲ. ಬೊಂತೆ ಉದ್ದ ಏಳಡಿ ಇಟ್ಕೊಂಡ್ರೆ ಪ್ರತಿ ಪದರದಲ್ಲೂ ಎರಡಡಿ ಉಳಿಯುತ್ತೆ, ಆ ಆರು ಚೂರು ಒಂದರ ಮೇಲೊಂದು ಹಾಕಿ ಹೊಲಿದ್ರೆ ತೊಟ್ಟಿಲ ಮಗೂಗೆ ಸರಿಯಾದ ಪುಟ್ಟ ಬೊಂತೆ, ಯಾರ ಮನೇಲಾದ್ರೂ ಬಾಣಂತಿ ಇದ್ದೇ ಇರ್ತಾರೆ. ಇಬ್ರು ಹೊದೆಯೋ ಅಷ್ಟು ದೊಡ್ಡದು ಬೇಕು ಅಂದ್ರೆ ಆರು ಸೀರೆ, ಎರಡೆರಡು ತುಂಡು ಪಕ್ಕಪಕ್ಕ ಜೋಡಿಸಿ ಮಷೀನಲ್ಲಿ ಒಂದು ಹೊಲಿಗೆ ಓಡಿಸ್ಕೊಳ್ಳಿ. ಆದ್ರೆ ಮೊದಲನೇ ಸಲ ಮಾಡೋರು ದೊಡ್ಡದಕ್ಕೆ ಕೈ ಹಾಕಬೇಡಿ, ಅರ್ಧಕ್ಕೆ ಬಿಟ್ಟು ಅಟ್ಟದ ಮೇಲೆ ಹಾಕಿರೋ ಬೊಂತೆಗಳು ಊರಲ್ಲಿ ಬೇಕಾದಷ್ಟಿವೆ.

ಒಗೆಯೋದು, ಬಿಚ್ಚೋದು

ಫಾಲ್ ಬಿಚ್ಚಿ ತೆಗೀರಿ, ಅದು ಸಾಮಾನ್ಯವಾಗಿ ಪಾಲಿಸ್ಟರ್ರೇ ಆಗಿರುತ್ತೆ. ಕುಚ್ಚು ಕತ್ತರಿಸಿ. ಜರಿ ಅಂಚಿದ್ರೆ ಅದನ್ನೂ ತೆಗೆಯೋದು ಒಳ್ಳೇದು, ಮುಖಕ್ಕೆ ಚುಚ್ಚುತ್ತೆ. ಗಂಜಿ ಹಾಕಿರೋ ಸೀರೆ ಆದ್ರೆ ರಾತ್ರಿಯೆಲ್ಲ ನೀರಲ್ಲಿ ಬಿಡಿ, ಗಂಜಿ ಉಳಿದ್ರೆ ಜಿರಳೆ ಬೆಳ್ಳಿಹುಳ ಎಲ್ಲಾ ಅಲ್ಲಿಗೇ ಬರ್ತವೆ. ಬೆಳಗ್ಗೆ ಬಿಸಿನೀರು ಸೋಪಿನಪುಡಿ ಹಾಕಿ ಒಗೆದು ಎರಡು ದಿನ ಒಳ್ಳೆ ಬಿಸಿಲು. ಎರಡು ದಿನ ಅಂದ್ರೆ ಎರಡು ದಿನಾನೇ. ಮುಟ್ಟಿದ್ರೆ ಒಣಗಿದಂಗೆ ಇರುತ್ತೆ, ಆರು ಪದರ ಮುಚ್ಚಿದ್ಮೇಲೆ ಒಳಗಿನ ಪಸೆ ಗೊತ್ತಾಗೋದು.

ಹಾಸೋದು ಮತ್ತೆ ಕಟ್ಟಾಕೋದು

ದೊಡ್ಡ ಜಾಗ ಬೇಕು. ನಡುಮನೆ ಖಾಲಿ ಮಾಡಿ ಇಲ್ಲಾ ಜಗಲಿ ಗುಡ್ಸಿ ಒರೆಸಿ ಚಾಪೆ ಹಾಸ್ಕೊಳ್ಳಿ. ಆರು ಪದರದಲ್ಲಿ ಗಟ್ಟಿ ಇರೋ ಎರಡು ತುಂಡು ತೆಗೆದಿಡಿ, ಒಂದು ಅಡಿಗೆ ಒಂದು ಮೇಲಕ್ಕೆ. ಸವೆದಿರೋದು ತೂತು ಬಿದ್ದಿರೋದು ಎಲ್ಲಾ ಮಧ್ಯಕ್ಕೆ, ಅಲ್ಲಿ ಹರಿದಿದ್ರೂ ಪರವಾಗಿಲ್ಲ. ಒಂದು ಟ್ರಿಕ್ಕು, ಸೀರೆ ಸವೆಯೋದು ಒಂದೇ ಕಡೆ ಅಲ್ವಾ, ನೆರಿಗೆ ಬರೋ ಜಾಗ ಕುತ್ಕೊಳ್ಳೋ ಜಾಗ, ಹಂಗಾಗಿ ಒಂದು ತುಂಡು ತಲೆ ಆ ಕಡೆ ಹಾಕಿದ್ರೆ ಮುಂದಿನದರ ತಲೆ ಈ ಕಡೆ ಬರಲಿ, ಸವೆದ ಜಾಗದ ಮೇಲೆ ಸವೆದ ಜಾಗ ಕೂರಬಾರದು.

ಅಡಿ ಪದರ ಹಾಸಿ ನಾಲ್ಕು ಮೂಲೆಗೂ ಭಾರ ಇಡಿ. ನಾವು ಒಂದು ಮೂಲೆಗೆ ರುಬ್ಬೋಗುಂಡು, ಇನ್ನೊಂದಕ್ಕೆ ಕಬ್ಬಿಣದ ಕಲ್ಲು, ಉಳಿದೆರಡಕ್ಕೆ ಮಕ್ಕಳನ್ನ ಕೂರಿಸ್ತೀವಿ. ಪ್ರತಿ ಪದರ ಹಾಕಿದಾಗಲೂ ಮಧ್ಯದಿಂದ ಅಂಚಿನ ಕಡೆಗೆ ಎರಡೂ ಅಂಗೈಲಿ ಸವರಿ, ಸುಕ್ಕು ಹೊರಗೆ ಹೋಗಬೇಕು. ಎಳೀಬೇಡಿ. ಎಳೆದು ಹೊಲಿದ ಬಟ್ಟೆ ಆಮೇಲೆ ತನ್ನ ಜಾಗಕ್ಕೆ ವಾಪಸ್ ಹೋಗುತ್ತೆ, ಆವಾಗ ಹೊಲಿಗೆ ಹತ್ರ ಮುದುಡುತ್ತೆ.

ಆರೂ ಪದರ ಆದ್ಮೇಲೆ ಕಚ್ಚಾ ಹೊಲಿಗೆ. ಯಾವುದಾದ್ರೂ ಬಣ್ಣದ ದಾರದಲ್ಲಿ ಉದ್ದುದ್ದ ಹೊಲಿಗೆ, ಒಂದೊಂದು ಗೇಣಿಗೆ ಒಂದು ಸಾಲು, ಉದ್ದಕ್ಕೂ ಹಾಕಿ ಅಡ್ಡಕ್ಕೂ ಹಾಕಿ. ಬೇಜಾರಿನ ಕೆಲಸ, ಕೊನೇಲಿ ಬಿಚ್ಚಿ ಬಿಸಾಕೋ ದಾರಕ್ಕೆ ಇಷ್ಟೊಂದು ಯಾಕೆ ಅಂತ ನಾನೂ ಅಂದ್ಕೊಂಡಿದ್ದೆ. ನಮ್ಮತ್ತೆ ನೋಡಿ ‘ಬಟ್ಟೆ ಮಾತ್ ಕೇಳ್ಬೇಕು ಅಂದ್ರೆ ಮೊದ್ಲು ಕಟ್ಟಾಕ್ಬೇಕು ಕಣಮ್ಮ, ಹಸೂನ ಬಿಟ್ಬುಟ್ಟು ಹಾಲು ಕರೀತಾರಾ’ ಅಂದ್ರು. ನಾನು ಕೇಳ್ಲಿಲ್ಲ. ನಾಲ್ಕು ಸಾಲು ಹಾಕಿ ಸಾಕು ಅಂತ ಹೊಲಿಯೋಕೆ ಕೂತೆ, ಅಂಚಿಂದ ಸುತ್ತಿ ಸುತ್ತಿ ಮಧ್ಯಕ್ಕೆ ಬರೋ ಹೊತ್ತಿಗೆ ಎಲ್ಲಾ ಪದರದ ಸಡಿಲು ಅಲ್ಲೇ ಸೇರ್ಕೊಂಡು ರೊಟ್ಟಿ ಉಬ್ಬಿದಂಗೆ ಉಬ್ಬಿ ಕೂತಿತ್ತು. ಆ ಬೊಂತೆ ಈಗ ರೇಷ್ಮೆಹುಳು ಸಾಕೋ ಮನೆ ಬಾಗಿಲಿಗೆ ಪರದೆ ಆಗಿದೆ.

ಸೂಜಿ, ದಾರ, ಹೊಲಿಗೆ

ದಬ್ಬಣ ಬೇಡ, ಅದು ಮೂಟೆಗೆ. ಮಾಮೂಲಿ ಬಟ್ಟೆ ಸೂಜಿನೂ ಬೇಡ, ಬಾಗುತ್ತೆ. ಇವೆರಡರ ಮಧ್ಯದ್ದು, ಬೆರಳುದ್ದದ ಕಣ್ಣು ದೊಡ್ಡ ಇರೋ ಸೂಜಿ. ದಾರ ಹಾಸಿಗೆ ಹೊಲಿಯೋ ದಪ್ಪ ಕಾಟನ್ ದಾರ, ಹೂ ಕಟ್ಟೋ ದಾರ ತಂದ್ರೆ ಮೊದಲನೇ ಒಗೆತಕ್ಕೇ ಕಿತ್ತೋಗುತ್ತೆ, ನೈಲಾನ್ ದಾರ ತಂದ್ರೆ ಅದು ಗಟ್ಟಿ ಇರುತ್ತೆ ಸರಿ, ಬಟ್ಟೇನೇ ಕೊಯ್ದು ಹಾಕುತ್ತೆ. ಎಷ್ಟು ದಾರ ಬೇಕು ಅಂತ ಕೇಳ್ತಾರೆ. ಏಳಡಿಗೆ ಮೂರೂಮುಕ್ಕಾಲು ಅಡಿ ಬೊಂತೇಲಿ ಇಂಚಿಗೊಂದು ಸಾಲು ಅಂದ್ರೆ ಒಟ್ಟು ಹೊಲಿಗೆ ಹತ್ರ ಹತ್ರ 100 ಮೀಟರ್ ಬರುತ್ತೆ, ದಾರ ಎರಡೆಳೆ ಮಾಡ್ಕೊಂಡು ಹೊಲಿಯೋದ್ರಿಂದ 200, ಗಂಟು ತುಂಡು ಎಲ್ಲಾ ಸೇರಿ 250 ಮೀಟರ್ ಇಟ್ಕೊಳ್ಳಿ.

ಒಂದು ಸಲಕ್ಕೆ ಒಂದು ಮಾರಿಗಿಂತ ಜಾಸ್ತಿ ದಾರ ತಗೋಬೇಡಿ, ಸಿಕ್ಕಾಗುತ್ತೆ. ದಾರಾನ ಮೇಣದಬತ್ತಿ ಮೇಲೆ ಒಂದು ಸಲ ಎಳೆದ್ರೆ ಪದರದೊಳಗೆ ನುಣ್ಣಗೆ ಹೋಗುತ್ತೆ. ಸೂಜಿ ತಳ್ಳೋ ಬೆರಳಿಗೆ ಟೈಲರುಗಳು ಹಾಕ್ಕೊಳ್ಳೋ ಲೋಹದ ಟೋಪಿ ಹಾಕಿ, ಆ ಕಡೆಯಿಂದ ಸೂಜಿ ಎಳೆಯೋಕೆ ಹಳೇ ಸೈಕಲ್ ಟ್ಯೂಬಿನ ಒಂದು ಚೂರು ಇಟ್ಕೊಳ್ಳಿ, ರಬ್ಬರ್ ಹಿಡಿದ್ರೆ ಸೂಜಿ ಜಾರಲ್ಲ. ನಮ್ಮತ್ತೆಗೆ ಈಗ ಸೂಜಿಕಣ್ಣು ಕಾಣಲ್ಲ, ನನ್ನ ಮಗಳು ಸ್ಕೂಲಿಗೆ ಹೋಗೋ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗ್ತಾಳೆ, ಸಂಜೆ ಬರೋ ಹೊತ್ತಿಗೆ ಹತ್ತೂ ಖಾಲಿ.

ಇನ್ನ ಹೊಲಿಗೆ. ಅಂಚನ್ನ ಒಳಗೆ ಒಂದಿಂಚು ಮಡಚಿ, ಮೇಲಿನ ಪದರ ಅಡಿ ಪದರ ಎರಡೂ ಒಂದರೊಳಗೊಂದು ಮುಖ ಮಾಡಿ ಮುಚ್ಚೋ ಹಂಗೆ, ಮೊದಲ ಸುತ್ತು ಅಂಚಲ್ಲೇ ಹೊಲೀರಿ. ಮೂಲೆಯಿಂದ ಶುರು ಮಾಡಿ ಸುತ್ತ ಬಂದು, ಆಮೇಲೆ ಒಂದಿಂಚು ಒಳಗೆ ಎರಡನೇ ಸುತ್ತು, ಹಿಂಗೇ ಮಧ್ಯದವರೆಗೆ. ಸಾದಾ ಓಟದ ಹೊಲಿಗೆ ಅಷ್ಟೇ, ಮೇಲೆ ಒಂದು ಅಕ್ಕಿಕಾಳಿನಷ್ಟು ಕಂಡ್ರೆ ಸಾಕು, ಕೆಳಗೂ ಅಷ್ಟೇ. ಸೂಜಿ ಆರೂ ಪದರ ದಾಟಿದೆಯಾ ಅಂತ ಎಡಗೈ ಬೆರಳು ಕೆಳಗೆ ಇಟ್ಕೊಂಡೇ ಇರಬೇಕು, ಚುಚ್ಚುತ್ತೆ, ಚುಚ್ಚಿದ್ರೇನೇ ದಾಟಿದೆ ಅಂತ ಅರ್ಥ. ಗಂಟು ಹೊರಗೆ ಕಾಣಬಾರದು, ಗಂಟು ಹಾಕಿದ ಮೇಲೆ ದಾರ ಸ್ವಲ್ಪ ಜಗ್ಗಿದ್ರೆ ಮೇಲಿನ ಪದರದೊಳಗೆ ಪುಟಕ್ ಅಂತ ಹೋಗಿ ಕೂತ್ಕೊಳ್ಳುತ್ತೆ. ದಾರ ಬಿಗಿ ಎಳೀಬೇಡಿ ಅಂತ ಎಷ್ಟು ಹೇಳಿದ್ರೂ ಸಾಲದು. ಹೊಲಿಗೆ ಬಟ್ಟೆ ಮೇಲೆ ಕೂತಿರಬೇಕು, ಒಳಗೆ ಕಚ್ಚಬಾರದು, ಆ ಪದರಗಳ ಮಧ್ಯ ನಿಲ್ಲೋ ಗಾಳಿನೇ ಬೆಚ್ಚಗಿಡೋದು, ಬಿಗಿದುಬಿಟ್ರೆ ಆರು ಪದರ ಇದ್ದೂ ಚಳಿ.

ನನಗೆ ಒಂದು ಬೊಂತೆಗೆ ಸುಮಾರು 20 ಗಂಟೆ ಹಿಡಿಯುತ್ತೆ. ದಿನಕ್ಕೆ ಒಂದೂವರೆ ಗಂಟೆ, ಎರಡು ಸೀರಿಯಲ್ಲು ಒಂದು ನ್ಯೂಸು ಅಂತ ಲೆಕ್ಕ ಹಾಕ್ಕೊಂಡ್ರೆ ಎರಡು ವಾರ. ಇಬ್ರು ಎದುರುಬದುರು ಕೂತು ಹೊಲಿಯಬಹುದು, ಆದ್ರೆ ಇಬ್ಬರ ಕೈ ಬಿಗಿ ಒಂದೇ ಥರ ಇರಲ್ಲ. ನಮ್ಮನೇಲಿ ಹೊಲಿಗೆ ನೋಡಿ ಇದು ಯಾರ ಕಡೆ ಅಂತ ಹೇಳಿಬಿಡ್ತಾರೆ, ಆಮೇಲೆ ಅದೇ ಮಾತು ಒಂದು ವಾರ.

ಮುಗಿದ ಮೇಲೆ ಕಚ್ಚಾ ದಾರ ಎಲ್ಲಾ ಎಳೆದು ತೆಗೆದು ಒಂದು ಸಲ ಒಗೆದು ಹಾಕಿ. ಒಗೆದಾಗ ಸ್ವಲ್ಪ ಸುಕ್ಕು ಸುಕ್ಕಾಗಿ ಅಲೆಅಲೆ ಥರ ಬರುತ್ತೆ, ಕೆಟ್ಟೋಯ್ತು ಅಂದ್ಕೋಬೇಡಿ, ಬೊಂತೆ ಇರೋದೇ ಹಂಗೆ.

ಕಂಬಳಿ ಇದ್ರೆ

ಮನೇಲಿ ಕುರಿ ಕಂಬಳಿ ಇದ್ರೆ ಅದನ್ನೂ ಈ ಬಿಸಿಲಲ್ಲೇ ತೆಗೀರಿ. ಬಿಸಿನೀರು ಹಾಕಬೇಡಿ, ಕುಗ್ಗಿ ಗಟ್ಟಿ ಆಗಿಬಿಡುತ್ತೆ. ಕೋಲಲ್ಲಿ ಬಡಿದು ಧೂಳು ತೆಗೆದು ಬಿಸಿಲಿಗೆ ಹಾಕಿದ್ರೆ ಸಾಕು, ತೀರಾ ಕೊಳೆ ಆಗಿದ್ರೆ ಅಂಟುವಾಳಕಾಯಿ ನೆನೆಸಿ ಕಿವುಚಿದ ತಣ್ಣೀರಲ್ಲಿ ಅದ್ದಿ, ಹಿಂಡಬೇಡಿ, ಕಲ್ಲಿನ ಮೇಲೆ ಹಾಕಿ ನೀರು ಸೋರೋಕೆ ಬಿಡಿ. ಬೇಸಿಗೆಗೆ ಎತ್ತಿಡೋವಾಗ ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಮಡಿಕೆ ಮಧ್ಯ ಇಡಿ. ಹಸಿ ಸೊಪ್ಪು ಇಟ್ರೆ ಬೂಷ್ಟು ಬರುತ್ತೆ.

ಕಾರ್ತೀಕಕ್ಕೆ ಹೂಬತ್ತಿ

ಇದು ಮಳೆ ದಿನದ ಕೆಲಸ, ಮಕ್ಕಳಿಗೂ ಬರುತ್ತೆ. ಕಾರ್ತೀಕ ಹುಣ್ಣಿಮೆಗೆ ನಮ್ಮ ಕಡೆ 365 ಬತ್ತಿ ಒಟ್ಟಿಗೆ ಹಚ್ಚೋರು ತುಂಬಾ ಜನ ಇದಾರೆ, ವರ್ಷದಲ್ಲಿ ಯಾವತ್ತಾದ್ರೂ ದೀಪ ಹಚ್ಚೋದು ತಪ್ಪಿದ್ರೆ ಇದರಲ್ಲಿ ತುಂಬ್ಕೊಳ್ಳುತ್ತೆ ಅಂತ. ಅಂಗಡಿಲಿ ಕಟ್ಟು ಕಟ್ಟಿ ಮಾರ್ತಾರೆ, ತಗೋಬಹುದು, ಆದ್ರೆ ಹಿತ್ತಲಲ್ಲಿ ಹತ್ತಿಗಿಡ ಇದ್ರೆ ಅದು ಯಾತಕ್ಕೆ.

ಒಣಗಿದ ಹತ್ತಿಯಿಂದ ಬೀಜ ಬಿಡಿಸಿ, ಎಳೆ ಎಳೆಯಾಗಿ ಬಿಡಿಸಿ ಹಗುರ ಮಾಡ್ಕೊಳ್ಳಿ. ಹುಣಸೆಬೀಜದಷ್ಟು ಹತ್ತಿ ತಗೊಂಡು ಎಡಗೈ ಮೂರು ಬೆರಳ ತುದೀಲಿ ಹರಡಿ, ಮಧ್ಯ ಎತ್ತಿ ಬಲಗೈಲಿ ತಿರುಚಿ. ಬೆರಳಿಗೆ ಸ್ವಲ್ಪ ವಿಭೂತಿ ಇಲ್ಲಾ ಒಂದು ಹನಿ ಹಾಲು ಹಚ್ಕೊಂಡ್ರೆ ತುದಿ ಚೂಪಾಗಿ ನಿಲ್ಲುತ್ತೆ. ಬುಡ ಹೂವಿನಂಗೆ ಅಗಲ ಇರಬೇಕು, ಅದೇ ಎಣ್ಣೆ ಹೀರಿ ಮೇಲಕ್ಕೆ ಕಳಿಸೋದು. ಬುಡ ಚಿಕ್ಕದಾದ್ರೆ ದೀಪ ಮಲಗಿಬಿಡುತ್ತೆ. ಮೆಡಿಕಲ್ ಶಾಪ್ ಹತ್ತೀಲೂ ಮಾಡಬಹುದು, ಪದರ ಪದರ ಬಿಟ್ಕೊಳ್ಳುತ್ತೆ, ಸ್ವಲ್ಪ ತಾಳ್ಮೆ ಬೇಕು. ನಿಮಿಷಕ್ಕೆ ಎರಡು ಆಗುತ್ತೆ ಅಂದ್ರೂ 365ಕ್ಕೆ ಮೂರು ಗಂಟೆ, ಮನೇಲಿ ಮೂರು ಜನ ಕೂತ್ರೆ ಒಂದೇ ಗಂಟೆ.

ತುಪ್ಪದ ಬತ್ತಿ ಬೇಕು ಅಂದ್ರೆ ತುಪ್ಪ ಕರಗಿಸಿ ಬತ್ತಿ ಅದ್ದಿ ತಟ್ಟೇಲಿ ನಿಲ್ಲಿಸಿ ಇಡಿ, ಈ ಚಳಿಗೆ ತಾನೇ ಗಟ್ಟಿ ಆಗುತ್ತೆ. ತುಳಸಿ ಹಬ್ಬಕ್ಕೆ, ಅದೇ ಉತ್ಥಾನ ದ್ವಾದಶಿಗೆ, ಬೆಟ್ಟದ ನೆಲ್ಲಿಕಾಯಿ ಕೊಂಬೆ ತರ್ತೀವಲ್ಲ, ಅದರಲ್ಲಿ ದಪ್ಪ ಕಾಯಿ ಆರಿಸಿ ತೊಟ್ಟಿನ ಕಡೆ ಚಪ್ಪಟೆ ಕೊಯ್ದು ಮೇಲುಗಡೆ ಚಾಕು ತುದೀಲಿ ಗುಳಿ ಮಾಡಿ ಈ ಬತ್ತಿ ಇಟ್ರೆ ದೀಪ ರೆಡಿ. ಒಳಗೆ ಬೀಜ ಅಡ್ಡ ಬರುತ್ತೆ, ಜಾಸ್ತಿ ಕೆದಕೋಕೆ ಹೋಗಿ ಬೆರಳು ಕುಯ್ಕೋಬೇಡಿ.

ರೇಷ್ಮೆ ಗೂಡಿನ ತೋರಣ

ಇದು ನಮ್ಮೂರಿನ ಸ್ಪೆಷಲ್ಲು. ಶಿಡ್ಲಘಟ್ಟ ಗೂಡಿನ ಮಾರ್ಕೆಟ್ಟು ಎಲ್ಲರಿಗೂ ಗೊತ್ತು, ಆದ್ರೆ ಮಾರೋ ಗೂಡು ಈ ಕೆಲಸಕ್ಕಲ್ಲ. ಒಂದು ಒಳ್ಳೆ ಬೈವೋಲ್ಟೈನ್, ಅಂದ್ರೆ ಬಿಳಿ ಗೂಡು ಕಟ್ಟೋ ತಳಿಯ, ಗೂಡಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ ಇರುತ್ತೆ, ಅದನ್ನ ಕತ್ತರಿಸಿ ಹೂವು ಮಾಡಿದ್ರೆ ಮನೇಲಿ ಬೈತಾರೆ. ಬೇಕಾಗಿರೋದು ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬಂದ ಗೂಡು. ಎಳೆ ತುಂಡಾಗಿರೋದ್ರಿಂದ ಅದು ನೂಲು ತೆಗೆಯೋಕೆ ಬರಲ್ಲ, ಮೊಟ್ಟೆ ತಯಾರು ಮಾಡೋ ಕಡೆ ಮೂಟೆಗಟ್ಟಲೆ ಬಿದ್ದಿರುತ್ತೆ.

ಚಂದ್ರಂಕೀಲಿ, ಅಂದ್ರೆ ಹುಳು ಗೂಡು ಕಟ್ಟೋ ಬಿದಿರಿನ ತಟ್ಟೇಲಿ, ಉಳಿದ ಕಲೆ ಬಿದ್ದ ಗೂಡು ಫ್ರೀ ಸಿಗುತ್ತೆ ಅಂತ ತಗೋಬೇಡಿ, ಒಳಗೆ ಹುಳು ಸತ್ತು ಕರಗಿರುತ್ತೆ, ಆ ವಾಸನೆ ದೇವರಾಣೆ ಹೋಗಲ್ಲ. ತೂತಿಲ್ಲದ ಗೂಡು ತಂದು ಹಂಗೇ ಇಟ್ರೂ ತೊಂದ್ರೆ, ಗೂಡು ಕಟ್ಟಿದ ಎರಡು ವಾರದೊಳಗೆ ಚಿಟ್ಟೆ ಹೊರಗೆ ಬಂದು ತೋರಣ ಎಲ್ಲಾ ಗಲೀಜು.

ಗೂಡನ್ನ ಅಲ್ಲಾಡಿಸಿ ಒಳಗಿನ ಒಣ ಪೊರೆ ಉದುರಿಸಿ. ಉಗುರುಬೆಚ್ಚಗಿನ ನೀರಲ್ಲಿ ಅಂಟುವಾಳ ಹಾಕಿ ಅದ್ದಿ ತೆಗೆದು ನೆರಳಲ್ಲಿ ಒಣಗಿಸಿ. ಕುದಿಸೋ ಹಂಗಿಲ್ಲ, ಕುದಿಸಿದ್ರೆ ಅಂಟು ಬಿಟ್ಟು ಗೂಡು ಮೆತ್ತಗೆ ಮುದ್ದೆ ಆಗುತ್ತೆ, ರೀಲಿಂಗಲ್ಲಿ, ಅಂದ್ರೆ ಗೂಡಿಂದ ನೂಲು ತೆಗೆಯೋವಾಗ, ಮಾಡೋದೇ ಅದು. ಬಣ್ಣಕ್ಕೆ ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ಅರಿಶಿನ ಹಾಕಿ ಅರ್ಧ ಗಂಟೆ ಬಿಡಿ, ರೇಷ್ಮೆಗೆ ಅರಿಶಿನ ಚೆನ್ನಾಗಿ ಹಿಡಿಯುತ್ತೆ. ಅದಕ್ಕೇ ಸುಣ್ಣದ ತಿಳಿ ಸೇರಿಸಿದ್ರೆ ಕುಂಕುಮದ ಬಣ್ಣ ಬರುತ್ತೆ, ನೋಡೋಕೆ ಆಹಾ ಅನ್ನಿಸುತ್ತೆ, ನಂದು ನಾಲ್ಕೇ ದಿನಕ್ಕೆ ಇಟ್ಟಿಗೆ ಬಣ್ಣ ಆಯ್ತು. ಅರಿಶಿನದ್ದೂ ಬಿಸಿಲು ಬೀಳೋ ಬಾಗಿಲಿಗೆ ಹಾಕಿದ್ರೆ ಮಾಸುತ್ತೆ, ಒಳಬಾಗಿಲಿಗೆ ಹಾಕ್ಕೊಳ್ಳಿ.

ಕತ್ತರಿಸೋದು ಹಿಂಗೆ. ತೂತಿರೋ ತುದಿಯಿಂದ ಕತ್ತರಿ ಇಟ್ಟು ಮುಕ್ಕಾಲು ಭಾಗದವರೆಗೆ ಐದು ಸೀಳು, ಹೊರಗೆ ಬಗ್ಗಿಸಿದ್ರೆ ಐದು ದಳದ ಹೂವು. ಬುಡಕ್ಕೆ ಸೂಜಿ ಚುಚ್ಚಿ ದಾರ ತೆಗೆದು ಮಧ್ಯ ಒಂದು ಮಣಿ ಹಾಕಿ ಗಂಟು. ಒಂದು ಬಾಗಿಲಿಗೆ 21 ಹೂವು ಸಾಕು, ಮಧ್ಯ ಮಧ್ಯ ಕತ್ತರಿಸದೇ ಇರೋ ಇಡೀ ಗೂಡು ಪೋಣಿಸಿದ್ರೆ ಮೊಗ್ಗಿನಂಗೆ ಕಾಣುತ್ತೆ. ಬ್ಲೇಡಲ್ಲಿ ಮಾಡೋಕೆ ಹೋಗಬೇಡಿ, ಗೂಡು ಜಾರುತ್ತೆ, ಹರಿತವಾದ ಚಿಕ್ಕ ಕತ್ತರಿನೇ ಸರಿ.

ಪೊರಕೆ

ಬಿದ್ದ ತೆಂಗಿನ ಗರಿ ಒಲೆಗೆ ಹಾಕೋ ಮುಂಚೆ ಕಡ್ಡಿ ಸೀಳಿ ತೆಗೆದಿಡಿ. ಮೂರು ಗರಿಗೆ ಒಂದು ಪೊರಕೆ ಆಗುತ್ತೆ, ಬುಡಕ್ಕೆ ಟ್ಯೂಬ್ ಕಟ್ಟಿ ಬಿಗಿ ಮಾಡಿದ್ರೆ ಆಯ್ತು. ಕಣ ಗುಡ್ಸೋಕೆ ಹೆಂಗೂ ಬೇಕಾಗುತ್ತೆ.

ಬೊಂತೆ ಉಳಿಸ್ಕೊಳ್ಳೋದು

ಹದಿನೈದು ದಿನಕ್ಕೊಂದು ಸಲ ಬಿಸಿಲಿಗೆ ಹಾಕಿ ಬಡೀರಿ, ಒಗೆಯೋದು ಚಳಿಗಾಲದಲ್ಲಿ ಎರಡು ಸಲ ಸಾಕು. ವಾಷಿಂಗ್ ಮಷೀನಿಗೆ ಹಾಕೋರು ಇದಾರೆ, ಒದ್ದೆ ಭಾರಕ್ಕೆ ಹೊಲಿಗೆ ಕಿತ್ತೋಗುತ್ತೆ, ಮಷೀನೂ ಗಡಗಡ ಅನ್ನುತ್ತೆ, ನಾನಂತೂ ಒಗೆಯೋ ಕಲ್ಲಿನ ಮೇಲೇನೇ. ಒಣಗೋಕೆ ಹಾಕೋವಾಗ ತಂತಿ ಮೇಲೆ ನೇತು ಹಾಕಬೇಡಿ, ಚಪ್ಪಡಿ ಮೇಲೆ ಹಾಸಿ, ಮಧ್ಯಾಹ್ನ ಒಂದು ಸಲ ಮಗುಚಿ. ಎರಡು ಮೂರು ವರ್ಷಕ್ಕೆ ಕಾಲಿನ ಕಡೆ ಮೇಲಿನ ಪದರ ಸವೆದು ಒಳಗಿನ ಸೀರೆ ಬಣ್ಣ ಕಾಣೋಕೆ ಶುರು ಆಗುತ್ತೆ, ಆವಾಗ ಬಿಚ್ಚೋ ಕೆಲಸ ಇಲ್ಲ, ಇನ್ನೊಂದು ಹಳೇ ಸೀರೆ ತುಂಡು ಮೇಲೆ ಹಾಕಿ ಅದೇ ಸಾಲಲ್ಲಿ ಮತ್ತೆ ಹೊಲಿಗೆ ಹಾಕೋದು. ನಮ್ಮನೇಲಿರೋ ಹಳೇದಕ್ಕೆ ಹಿಂಗೆ ಹಾಕಿ ಹಾಕಿ ಈಗ ಒಂಬತ್ತು ಪದರ ಆಗಿದೆ, ನಮ್ಮತ್ತೆ ಬಿಟ್ರೆ ಬೇರೆ ಯಾರಿಗೂ ಎತ್ತೋಕಾಗಲ್ಲ, ಅವರು ಬಿಡೋದೂ ಇಲ್ಲ.